ಹದಿನೇಳು-ಬಿ ಪ್ಲಾಟಿನ ದಿವಾನರು

ಸೆಪ್ಟೆಂಬರ್ 2, ಮಂಗಳವಾರ

ಬೆಳಿಗ್ಗೆ ಏಳಕ್ಕೆ ಪ್ಲಾಟಿಗೆ. ಹಿತ್ತಲ ಗೇಟಿನಿಂದ ನೂರ ಹತ್ತು ಹೆಜ್ಜೆ. ನೀರು ಹಾಕಿದೆ. ಕಳೆ ಕಿತ್ತೆ. ಸೊಂಟ ಹಿಡಿಯಿತು. ಎಂದಿನಂತೆ.

ಎಂದಿನಂತೆ ಅಲ್ಲದ್ದು ಒಂದೇ — ಅವರೆ ಹೂ ಬಿಟ್ಟಿದೆ! ಪಾಲಿಟನೆಲ್ಲಿನ — ಚಳಿ ತಾಗದಂತೆ ಪ್ಲಾಸ್ಟಿಕ್ ಹೊದಿಸಿದ ಗುಡಾರದ — ಒಳಗೆ, ಎಡಗಡೆ ಸಾಲಿನಲ್ಲಿ, ಹನ್ನೊಂದು ಗೊಂಚಲು. ಎರಡು ಸಲ ಎಣಿಸಿದೆ. ತರಕಾರಿ ಬೆಳೆಯಲು ಕೌನ್ಸಿಲ್ ಬಾಡಿಗೆಗೆ ಕೊಡುವ ಈ ಅಲಾಟ್‌ಮೆಂಟ್ ತುಂಡಿಗಾಗಿ ಒಂಬತ್ತು ವರ್ಷ ವೇಟಿಂಗ್ ಲಿಸ್ಟಿನಲ್ಲಿದ್ದೆ. ಬ್ಯಾಂಕಿನವರು ರಿಡಂಡೆಂಟ್ ಮಾಡಿ ಕಳಿಸಿದ ವಾರವೇ ಸಿಕ್ಕಿತು. ಕೌನ್ಸಿಲ್ಲಿನ ಪತ್ರ ಒಂದು ಬಾರದೇ ಇದ್ದಿದ್ದರೆ ನಾನು ಏನಾಗುತ್ತಿದ್ದೆನೋ ಗೊತ್ತಿಲ್ಲ. ಸೋಫಾದ ಮೇಲೆ ಕೂತು ವಿಶಾಲಾಕ್ಷಿಯ ಅಡುಗೆಗೆ ಉಪ್ಪು ಹೆಚ್ಚು, ಕಮ್ಮಿ ಎನ್ನುತ್ತ ಡೈವೋರ್ಸ್ ಆಗುತ್ತಿತ್ತು.

ಅವಳು ಮೊದಲ ವರ್ಷವೇ ಶಪಥ ಮಾಡಿದ್ದಾಳೆ. "ಲಂಡನ್ನಲ್ಲಿ ನೀವು ಸೊಗಡವರೆ ಬೆಳೆದ ದಿನ ಹಿತಕಿದ ಬೇಳೆ ಸಾರು ಮಾಡಿ ಇಡೀ ರೇನರ್ಸ್ ಲೇನಿಗೆ ಬಡಿಸ್ತೀನಿ ಕಣ್ರೀ." ಶಪಥದ ಹಿಂದೆ ಇದ್ದದ್ದು ನಂಬಿಕೆಯಲ್ಲ, ನಗು. ಇರಲಿ.

ಪಕ್ಕದ ಪ್ಲಾಟಿನ ವ್ಯಾಲೆಂಟೈನ್‌ಗೆ ಹೂ ತೋರಿಸಿದೆ. ಕರಾವಳಿಯ ಶಿರ್ವದವನು. ಹೀಥ್ರೋ ಕಾರ್ಗೋದಲ್ಲಿ ಇಪ್ಪತ್ತಾರು ವರ್ಷ ದುಡಿದು ರಿಟೈರ್ ಆದವನು. ಲಂಡನ್ನಿನ ಜೇಡಿಮಣ್ಣು ಅಗೆಯುವುದನ್ನು ನನಗೆ ಕಲಿಸಿದವನೇ ಅವನು. ನೋಡಿದ, ತಲೆಯಾಡಿಸಿದ, ಏನೋ ಅವಸರದಲ್ಲಿ ಹೋಗಿಬಿಟ್ಟ. ನನ್ನ ಶೆಡ್ಡಿನ ಮೇಲೆ ಏನೋ ದಬದಬ ಎಂದ ಹಾಗಾಯಿತು. ಪಾರಿವಾಳ ಇರಬೇಕು.

ಸೆಪ್ಟೆಂಬರ್ 3, ಬೆ. 7.20

ಪಾರಿವಾಳ ಅಲ್ಲ.

ಅದೇ ದಿನ, ಮಧ್ಯಾಹ್ನ

ಈಗ ಕೂತು ಬರೆಯುತ್ತೇನೆ. ಮೊಣಕಾಲಿಗಿಂತ ಎತ್ತರದ ಹಕ್ಕಿ. ತಾಮ್ರದ ಬಣ್ಣ. ಕೆಂಪು ಕತ್ತು, ನೀಲಿ ಮುಖ, ಮೂಗಿನ ಮೇಲಿಂದ ಜೋತ ಒಂದು ಮಾಂಸದ ಲೋಲಾಕು. ಪಾಲಿಟನೆಲ್ಲಿನೊಳಗೆ ನಿಂತು ಅವರೆ ಹೂವನ್ನು ಒಂದೊಂದಾಗಿ, ಅವಸರವಿಲ್ಲದೆ ತಿನ್ನುತ್ತಿತ್ತು. ನನ್ನನ್ನು ನೋಡಿ ನಿಲ್ಲಿಸಲಿಲ್ಲ. ಹನ್ನೊಂದರಲ್ಲಿ ಉಳಿದದ್ದು ಮೂರು.

ಇಲ್ಫರ್ಡಿನಲ್ಲಿರುವ ಮಗಳು ಸಿರಿಶಾಗೆ ಫೋಟೋ ಕಳಿಸಿದೆ. "ಅಪ್ಪಾ, ದಟ್ಸ್ ಎ ಟರ್ಕಿ. ಆ್ಯಸ್ ಇನ್, ಕ್ರಿಸ್‌ಮಸ್ ಡಿನ್ನರ್."

ಈ ದೇಶದಲ್ಲಿ ಕಾಡು ಟರ್ಕಿ ಇಲ್ಲವೇ ಇಲ್ಲವಂತೆ. ಹಾಗಾದರೆ ಯಾರೋ ಸಾಕಿದ್ದು. ಅಲಾಟ್‌ಮೆಂಟಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹಾಕಿದೆ. ಅರವತ್ತೆರಡು ಜನ ನೋಡಿದ್ದಾರೆ, ನಲವತ್ತು ಜನ ನಕ್ಕಿದ್ದಾರೆ, ನನ್ನದು ಎಂದವರು ಸೊನ್ನೆ. ವ್ಯಾಲೆಂಟೈನ್‌ನನ್ನು ಬೇಲಿಯ ಮೇಲಿಂದಲೇ ಕೇಳಿದೆ.

"ನಂಗೆ ಎಂತ ಗೊತ್ತುಂಟು ಮಾರಾಯ? ಬಿಟ್ಟುಬಿಡು. ಇವತ್ತಲ್ಲ ನಾಳೆ ನರಿ ಹಿಡೀತದೆ."

ಸೆಪ್ಟೆಂಬರ್ 6, ಶನಿವಾರ

ಅಟ್ಟಿಸಿಕೊಂಡು ಹೋದೆ. ಅದು ಓಡಿತು. ನಾನು ಓಡಿದೆ. ಅದು ಹಾರಿತು. ನಾನು ಗೊಬ್ಬರದ ಗುಂಡಿಗೆ ಬಿದ್ದೆ.

ವಿಶಾಲಾಕ್ಷಿ ಜಿಪಿ ಸರ್ಜರಿಯಲ್ಲಿ, ಅಂದರೆ ನಮ್ಮ ಏರಿಯಾದ ಡಾಕ್ಟರ ಕ್ಲಿನಿಕ್ಕಿನಲ್ಲಿ, ರಿಸೆಪ್ಷನಿಸ್ಟ್. ನನ್ನ ಮಂಡಿ ನೋಡಿ, "ಎರಡು ವಾರ ಬಿಟ್ಟು ಅಪಾಯಿಂಟ್‌ಮೆಂಟ್ ಇದೆ, ಬೇಕಾ?" ಅಂದಳು. ಗಂಡನಿಗೂ ಕ್ಯೂ.

ಸೆಪ್ಟೆಂಬರ್ 10

ಮೂರು ದಿನದಿಂದ ಅಮೆರಿಕದವರ ವಿಡಿಯೋ. ಟರ್ಕಿ ಬೇಟೆ ಅಲ್ಲಿ ಒಂದು ಧರ್ಮ. ಮೈತುಂಬ ಎಲೆ ಬಣ್ಣದ ಬಟ್ಟೆ, ಮುಖಕ್ಕೂ ಜಾಲರಿ. ಮರಕ್ಕೆ ಬೆನ್ನು ಕೊಟ್ಟು ಅಲ್ಲಾಡದೆ ಕೂರಬೇಕು. ಟರ್ಕಿಗೆ ವಾಸನೆ ಹತ್ತುವುದಿಲ್ಲ, ಆದರೆ ಕಣ್ಣು ನಮ್ಮ ಸೋದರತ್ತೆಯದ್ದು. ರೆಪ್ಪೆ ಬಡಿದರೂ ಗೊತ್ತಾಗುತ್ತದೆ. ಹೆಣ್ಣಿನ ಗೊಂಬೆ ಇಡಬೇಕು. ಹೆಣ್ಣಿನ ದನಿ ತೆಗೆಯಬೇಕು. ಆಗ ಗಂಡು ಎದೆಯುಬ್ಬಿಸಿಕೊಂಡು ತಾನಾಗಿ ಬರುತ್ತದೆ.

ಕಾನೂನೂ ಓದಿದೆ. ಓದಲು ಶುರು ಮಾಡಿದರೆ ನಿಲ್ಲಿಸಲಾಗದ್ದು ನನ್ನ ಹಳೆಯ ರೋಗ. ಅಲ್ಲಿ ಒಂದು ರಾಜ್ಯದಲ್ಲಿ ಕ್ರಾಸ್‌ಬೋ — ಕೋವಿಯ ಹಿಡಿಗೆ ಬಿಲ್ಲು ಕಟ್ಟಿದ ಹಾಗಿರುವ ಯಂತ್ರ — ಟರ್ಕಿಗೆ ಸರಿ. ಪಕ್ಕದ ರಾಜ್ಯದಲ್ಲಿ ತಪ್ಪು. ಮತ್ತೊಂದರಲ್ಲಿ ವಯಸ್ಸಾದವರಿಗೆ ಮಾತ್ರ ಸರಿ. ಬ್ರಿಟನ್ನಿನಲ್ಲಿ ಹದಿನೆಂಟು ದಾಟಿದವರು ಇಟ್ಟುಕೊಳ್ಳಬಹುದು, ಆದರೆ ಕಾಡುಪ್ರಾಣಿ, ಕಾಡುಹಕ್ಕಿಗೆ ಹೊಡೆದರೆ ಜೈಲು. ನಾನು ಮೊಟ್ಟೆ ಹಾಕಿದ ಕೇಕ್ ಕೂಡ ಮುಟ್ಟದವನು. ಇದೆಲ್ಲ ಯಾಕೆ ಓದುತ್ತಿದ್ದೇನೆ ಎಂದು ವಿಶಾಲಾಕ್ಷಿ ಕೇಳಿದಳು. ಮುಂದಿನ ಪುಟ ತೆರೆದೆ.

ಸೆಪ್ಟೆಂಬರ್ 13, ಶನಿವಾರ

ನೋಟಿಸ್ ಬಂತು.

ಸೈಟ್ ಸೆಕ್ರೆಟರಿ ಪಾಲೀನ್ ತಾನೇ ಬಂದು ಕೈಗೆ ಕೊಟ್ಟಳು. ಎಪ್ಪತ್ತೆರಡರ ಹೆಂಗಸು, ಕತ್ತಿನಲ್ಲಿ ಸೀಟಿ. ಹಕ್ಕಿ ರಾತ್ರಿ ಮಲಗುವುದು ನನ್ನ ಶೆಡ್ಡಿನ ಮೇಲೆ, ತಿನ್ನುವುದು ನನ್ನ ಬೆಳೆ, ಆದ್ದರಿಂದ ಹಕ್ಕಿ ನನ್ನದು. ಇಪ್ಪತ್ತೆಂಟು ದಿನದಲ್ಲಿ ತೆಗೆಯದಿದ್ದರೆ ಹದಿನೇಳು-ಬಿ ಮುಂದಿನವರಿಗೆ. ಗಡುವು ಅಕ್ಟೋಬರ್ ಹನ್ನೊಂದು, ಬೆಳಿಗ್ಗೆ ಹತ್ತು.

ವಾದ ಮಾಡಿದೆ. ಅವಳು ನಿಯಮದ ಪುಸ್ತಕ ತೆಗೆದಳು. ಹೆಣ್ಣು ಕೋಳಿ ಸಾಕಬಹುದು, ಮೊಲ ಸಾಕಬಹುದು. ಹುಂಜ ಕೂಡದು. "ಆ್ಯಂಡ್ ದಟ್, ಮಿಸ್ಟರ್ ಶಂಕರ್, ಈಸ್ ನೋ ಲೇಡಿ." ಶೆಡ್ಡಿನ ಮೇಲಿಂದ ಅದು ಗುಳುಗುಳುಗುಳು ಎಂದು ಸಾಕ್ಷಿ ಹೇಳಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ರಾತ್ರಿ ಊಟ ಸೇರಲಿಲ್ಲ. ಪ್ಲಾಟ್ ಹೋದರೆ ಬೆಳಿಗ್ಗೆ ಏಳಕ್ಕೆ ಎದ್ದು ಎಲ್ಲಿಗೆ ಹೋಗಲಿ?

ಸೆಪ್ಟೆಂಬರ್ 15, ಸೋಮವಾರ

ವ್ಯಾಲೆಂಟೈನ್ ತನ್ನ ಶೆಡ್ಡಿಗೆ ಕರೆದ. ಬಾಗಿಲು ಹಾಕಿದ. ಗೋಣಿಚೀಲ ಬಿಚ್ಚಿದ. ಒಳಗೆ ಕ್ರಾಸ್‌ಬೋ! ಹೌನ್ಸ್ಲೋದಲ್ಲಿ ಇದ್ದಾಗ ಟಾರ್ಗೆಟ್ ಕ್ಲಬ್ಬಿಗೆ ಹೋಗುತ್ತಿದ್ದನಂತೆ.

"ಒಂದೇ ಬಾಣ. ಯಾರಿಗೂ ಗೊತ್ತಾಗುದಿಲ್ಲ. ನಿನ್ನ ನೋಟಿಸೂ ಮುಗೀತು, ನಮ್ಮ ಕ್ರಿಸ್‌ಮಸ್ಸೂ ಆಯ್ತು."

ಕೂರಿಸಿ ಕಾನೂನು ಹೇಳಿದೆ. ಕಾಡಿನದ್ದಾದರೆ ಕ್ರಾಸ್‌ಬೋದಲ್ಲಿ ಹೊಡೆಯುವುದು ಅಪರಾಧ. ಸಾಕಿದ್ದಾದರೆ ಇನ್ನೊಬ್ಬರ ಆಸ್ತಿ, ಅದೂ ಅಪರಾಧ.

"ಅದು ನನ್ನದೇ ಆದ್ರೆ?"

"ನಿನ್ನದಾದರೆ ನೋಟಿಸ್ ನಾನ್ಯಾಕಪ್ಪ ಓದ್ತಾ ಕೂತಿರ್ಬೇಕು?"

ಅವನು ಚಹಾ ಮಾಡುತ್ತೇನೆಂದು ಎದ್ದ. ಸಕ್ಕರೆ ಹಾಕಲು ಮರೆತ. ನನಗಾಗಿ ಇಷ್ಟು ತಲೆ ಕೆಡಿಸಿಕೊಂಡಿದ್ದಾನಲ್ಲ ಎಂದು ಮನಸ್ಸು ತುಂಬಿ ಬಂತು. ಇಂಥ ಸ್ನೇಹಿತ ಈ ಊರಲ್ಲಿ ಎಷ್ಟು ಜನಕ್ಕೆ ಸಿಗುತ್ತಾನೆ.

ಸೆಪ್ಟೆಂಬರ್ 18

ಕ್ರಮಬದ್ಧ ಪ್ರಯತ್ನ, ಒಂದು. ವಿಶಾಲಾಕ್ಷಿಯ ಹಸಿರು ಶಾಲು ತಲೆಯಿಂದ ಹೊದ್ದು ಸೇಬಿನ ಮರಕ್ಕೆ ಒರಗಿ ಕೂತೆ. ಎದುರಿಗೆ ಹೆಣ್ಣು ಟರ್ಕಿಯ ಗೊಂಬೆ — ಅಂದರೆ ಧೂಳು ಹೊಡೆಯುವ ಗರಿಯ ಪೊರಕೆ, ಹೂಕುಂಡದ ಮೇಲೆ ಸಿಕ್ಕಿಸಿದ್ದು. ಕಣ್ಣು ಮಿಟುಕಿಸಲಿಲ್ಲ. ನಿದ್ದೆ ಬಂತು.

ಎಚ್ಚರವಾದಾಗ ಎದುರಿಗೆ ಪಾಲೀನ್. ಪೊರಕೆ ನೋಡಿದಳು. ಶಾಲು ನೋಡಿದಳು. ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ, ಜಿಪಿ ಹತ್ತಿರ ಒಮ್ಮೆ ಮಾತಾಡಿ ಎಂದಳು. ನನ್ನ ಹೆಂಡತಿಯೇ ಅಪಾಯಿಂಟ್‌ಮೆಂಟ್ ಕೊಡುತ್ತಿಲ್ಲ ಎಂದು ಹೇಗೆ ಹೇಳಲಿ.

ಹಕ್ಕಿ ಇಡೀ ಹೊತ್ತು ನನ್ನ ಬೆನ್ನ ಹಿಂದೆ ಇತ್ತಂತೆ. ಬೂಟಿನ ದಾರ ಬಿಚ್ಚಿಹಾಕಿದೆ.

ಸೆಪ್ಟೆಂಬರ್ 21, ಭಾನುವಾರ

ಸಿಕ್ಕಿತು! ಉಪಾಯ ಸಿಕ್ಕಿತು!

ಆ ಬೇಟೆಗಾರರು ಹೆಣ್ಣಿನ ದನಿ ತೆಗೆಯುವುದು ಒಂದು ಸ್ಲೇಟಿನ ತುಂಡಿನ ಮೇಲೆ ಕಡ್ಡಿ ಉಜ್ಜಿ. ಒಂದಕ್ಕೆ ನಲವತ್ತು ಡಾಲರ್. ನಮ್ಮ ಮನೆಯಲ್ಲಿ ಸ್ಲೇಟಿಲ್ಲವೇ? ಮೊಮ್ಮಗಳು ಕೃತಿಯ ಅಕ್ಷರಾಭ್ಯಾಸಕ್ಕೆಂದು ವಿಶಾಲಾಕ್ಷಿ ಮೈಸೂರಿನಿಂದ ಸೂಟ್‌ಕೇಸಿನಲ್ಲಿ ಸೀರೆ ಸುತ್ತಿ ತಂದದ್ದು. ಮರದ ಚೌಕಟ್ಟು, ನಿಜವಾದ ಕಲ್ಲು, ಜೊತೆಗೆ ಒಂದು ಡಬ್ಬಿ ಬಳಪ. ದೇವರ ಗೂಡಿನಲ್ಲಿತ್ತು. ಅವಳು ಸ್ನಾನಕ್ಕೆ ಹೋದಾಗ ಸ್ವೆಟರಿನೊಳಗೆ ಇಟ್ಟುಕೊಂಡು ಹೊರಟೆ.

ಬಳಪ ಓರೆ ಹಿಡಿದು ಸಣ್ಣ ಸೊನ್ನೆ ಸುತ್ತಿದೆ. ಕ್ಯೋಂಕ್. ಮೈ ಜುಮ್ಮೆಂದಿತು. ಒಂದನೇ ಕ್ಲಾಸಿನಲ್ಲಿ ಇದೇ ಸದ್ದಿಗೆ ಮೇಷ್ಟ್ರು ಕಿವಿ ಹಿಂಡಿದ್ದರು. ಕ್ಯೋಂಕ್, ಕ್ಯೋಂಕ್, ಕ್ಯೋಂಕ್.

ಬಂದರು! ಶೆಡ್ಡಿನಿಂದ ಇಳಿದು, ಬಾಲ ಬಿಚ್ಚಿ, ರೆಕ್ಕೆ ನೆಲಕ್ಕೆ ಎಳೆಯುತ್ತ, ಎದೆ ಮುಂದೆ ಮಾಡಿ, ಒಂದೊಂದು ಹೆಜ್ಜೆಗೂ ನಿಂತು. ದಸರಾ ದರ್ಬಾರಿಗೆ ದಿವಾನರು ಬಂದ ಹಾಗೆ. ಎರಡು ಅಡಿ ದೂರದಲ್ಲಿ ನಿಂತು ಸ್ಲೇಟನ್ನು ನೋಡಿದರು. ಆಮೇಲೆ ನನ್ನನ್ನು. ಹಿಡಿಯಬೇಕು ಅನ್ನುವುದೇ ಮರೆತುಹೋಯಿತು.

ಸೆಪ್ಟೆಂಬರ್ 25

ದಿನಾ ಬರುತ್ತಾರೆ. ಜೋಳ ಕೈಯಿಂದಲೇ ತಿನ್ನುತ್ತಾರೆ. ನಾನು ಅಗೆಯುವಾಗ ಪಕ್ಕ ನಿಂತು ಎರೆಹುಳ ತಪಾಸಣೆ. ಅವರೆ ಸಾಲಿಗೆ ಬಲೆ ಕಟ್ಟಿದೆ. ಗೌರವದಿಂದ ದೂರ ನಿಂತಿದ್ದಾರೆ.

ವಿಡಿಯೋದ ಬೇಟೆಗಾರ ಇವತ್ತು ಒಂದು ಮಾತು ಹೇಳಿದ. ಬೇಟೆ ಅಂದರೆ ಮತ್ತೇನಲ್ಲ, ಅದರದ್ದೇ ಭಾಷೆಯಲ್ಲಿ ಸುಳ್ಳು ಹೇಳುವುದು. ಆಗಿನಿಂದ ಮನಸ್ಸು ಸರಿಯಿಲ್ಲ. ಸರಸ್ವತಿಗೆ ಇಟ್ಟ ಸ್ಲೇಟು. ಅದರ ಮೇಲೆ ಮೊದಲು ಬರೆದದ್ದು ಸುಳ್ಳು. ಕರೆದರೆ ಬರುವ ಪ್ರಾಣಿಯನ್ನು ಹಿಡಿದು ಯಾರಿಗೆ ಕೊಡಲಿ? ಗಡುವಿಗೆ ಹದಿನಾರು ದಿನ.

ಸೆಪ್ಟೆಂಬರ್ 28, ಭಾನುವಾರ

ವ್ಯಾಲೆಂಟೈನ್ ಹೊಡೆದೇಬಿಟ್ಟ.

ನಾನು ನೀರು ತರಲು ಹೋಗಿದ್ದೆ. ಅವನು ಬೇಲಿಯ ಮೇಲೆ ಕ್ರಾಸ್‌ಬೋ ಊರಿ, ಒಂದು ಕಣ್ಣು ಮುಚ್ಚಿ, ಬಿಟ್ಟ. ದಿವಾನರು ಸರಿಯಾಗಿ ಆ ಕ್ಷಣಕ್ಕೆ ಎರೆಹುಳಕ್ಕೆ ಬಗ್ಗಿದರು. ಬಾಣ ತಲೆಯ ಮೇಲಿಂದ ಹೋಗಿ ನನ್ನ ಬೂದುಗುಂಬಳಕ್ಕೆ ನಾಟಿತು. ಆಯುಧಪೂಜೆಗೆ ಅಂತಲೇ ಬೆಳೆಸಿದ್ದ ಏಳು ಕೆಜಿಯ ಕಾಯಿ. ಈ ಕಡೆ ಬಾಲ, ಆ ಕಡೆ ತುದಿ.

ಬೈದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೂಗಿ ಬೈದೆ. ಅವನು ತಿರುಗಿ ಬೈಯಲಿಲ್ಲ, ಅದೇ ವಿಚಿತ್ರ. "ನಿಂಗೋಸ್ಕರ ಮಾರಾಯ, ನಿನ್ನ ನೋಟಿಸಿಗೋಸ್ಕರ" ಎನ್ನುತ್ತ ಹೆಗಲು ಒರೆಸಿಕೊಳ್ಳುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ. ಆಗ ಹೊಳೆಯಲಿಲ್ಲ.

ಗದ್ದಲ ಕೇಳಿ ವಿಶಾಲಾಕ್ಷಿ ಹಿತ್ತಲ ಗೇಟಿನಿಂದ ಬಂದಳು. ಕುಂಬಳ ನೋಡಿದಳು. ಕ್ರಾಸ್‌ಬೋಗೆ ಕೈ ಚಾಚಿದಳು.

"ಕೊಡಿ ಇಲ್ಲಿ. ದಸರಾ ಮುಗಿಯೋವರೆಗೂ ಇದು ನಮ್ಮನೇಲಿರ್ಲಿ. ಅಲ್ಲಾ, ಇಬ್ರಿಗೂ ಸೇರಿ ನೂರಿಪ್ಪತ್ತು ವರ್ಷ ಆಗಿದೆ, ಒಂದ್ ಕೋಳಿ ಹಿಡಿಯಕ್ ಆಗಲ್ವಾ?"

ಶಿರ್ವದ ಬೇಟೆಗಾರ ಮರುಮಾತಿಲ್ಲದೆ ಕೊಟ್ಟ. ಅವಳು ಹೊರಟವಳು ನನ್ನ ಸ್ವೆಟರ್ ನೋಡಿದಳು. ಅದರ ಮೇಲೆಲ್ಲ ಬಳಪದ ಪುಡಿ. ಆಮೇಲೆ ನಡೆದದ್ದು ಬರೆಯುವುದಿಲ್ಲ.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಪ್ರತಿ ವರ್ಷ ಲ್ಯಾಪ್‌ಟಾಪ್, ಮಿಕ್ಸಿ, ಗುದ್ದಲಿ, ಕಾರಿನ ಕೀ. ಈ ವರ್ಷ ಮೊದಲ ಬಾರಿಗೆ ನಮ್ಮ ಮನೆಯ ಆಯುಧಪೂಜೆಯಲ್ಲಿ ಒಂದು ಆಯುಧ. ವಿಶಾಲಾಕ್ಷಿ ಕ್ರಾಸ್‌ಬೋಗೆ ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಇಟ್ಟಳು.

ಕಾರಿನ ಮುಂದೆ ಕುಂಬಳಕಾಯಿ ಒಡೆದೆ. ಬಾಣ ಕಿತ್ತು ಬರಲಿಲ್ಲ, ಬಾಣ ಸಮೇತ. ಎದುರು ಮನೆಯವರು ಪರದೆ ಎಳೆದುಕೊಂಡರು.

ಸ್ಲೇಟನ್ನು ತೊಳೆದು, ಮೂರು ಸಲ ಗಂಗಾಜಲ ಚಿಮುಕಿಸಿ, ಮತ್ತೆ ದೇವರ ಮುಂದೆ ಇಟ್ಟಿದ್ದಾಳೆ. ನನ್ನ ಜೊತೆ ಮಾತಿಲ್ಲ.

ಅಕ್ಟೋಬರ್ 2, ವಿಜಯದಶಮಿ

ಹೇಗೆ ಬರೆಯಲಿ. ಇದ್ದದ್ದು ಇದ್ದಂತೆ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಅಕ್ಷರಾಭ್ಯಾಸ. ಸಿರಿಶಾ ರಜೆ ಹಾಕಿ ಕೃತಿಯನ್ನು ಕರೆತಂದಿದ್ದಳು. ವ್ಯಾಲೆಂಟೈನ್, ಅವನ ಹೆಂಡತಿ ಜೂಲಿಯಾ ಬಂದಿದ್ದರು. ಕಳೆದ ಭಾನುವಾರದ್ದು ಮರೆತೆ ಎಂದು ನಾನೇ ಕರೆದಿದ್ದೆ. ಅಕ್ಕಿಯ ಮೇಲೆ ಬರೆಸಿದ್ದಾಯಿತು. ಆಮೇಲೆ ಸ್ಲೇಟು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೈ ಹಿಡಿದು "ಶ್ರೀ" ತಿದ್ದಿಸಿದೆ. ಮಗು ಬಳಪವನ್ನು ಒತ್ತಿ ಎಳೆಯಿತು. ಕ್ಯೋಂಕ್.

ಹಿತ್ತಲಿನಿಂದ — ಗುಳುಗುಳುಗುಳು.

ಎಲ್ಲರೂ ಹಿತ್ತಲ ಕಡೆ ತಿರುಗಿದರು. "ಅಗೇನ್!" ಎಂದಳು ಕೃತಿ. ಎಳೆದಳು. ಕ್ಯೋಂಕ್. ಈ ಸಲ ಗಾಜಿನ ಬಾಗಿಲಿನ ಪಕ್ಕದಲ್ಲೇ ಉತ್ತರ. ದಿವಾನರು ಬೇಲಿ ಹಾರಿ ಬಂದಿದ್ದರು. ಬಾಲ ಪೂರ್ತಿ ಬಿಚ್ಚಿ, ಗಾಜಿಗೆ ಕೊಕ್ಕು ಕುಟ್ಟುತ್ತಿದ್ದರು. ದಶಮಿಯ ದಿನ ಕರೆಸಿಕೊಂಡು ಬಾಗಿಲು ತೆಗೆಯದಿದ್ದರೆ ಏನರ್ಥ ಎನ್ನುವ ಹಾಗೆ.

ಆಗ ಜೂಲಿಯಾ ಕೈಯಲ್ಲಿದ್ದ ಪಾಯಸದ ಲೋಟ ಬಿಟ್ಟು ಎದ್ದಳು.

"ವ್ಯಾಲಿ! ನಮ್ಮ ಬಿಷಪ್! ನರಿ ಹಿಡೀತು ಅಂತ ಹೇಳಿದ್ರಲ್ಲ ನೀವು? ಬದುಕಿಯೇ ಉಂಟಲ್ಲ!"

ವ್ಯಾಲೆಂಟೈನ್ ರತ್ನಗಂಬಳಿ ನೋಡುತ್ತಿದ್ದ. ನಾನು ಅವನನ್ನು ನೋಡುತ್ತಿದ್ದೆ. ಕೃತಿ ಮಾತ್ರ ಸ್ಲೇಟಿನ ಮೇಲೆ ಎಳೆಯುತ್ತಲೇ ಇದ್ದಳು. ಮಗುವಿನ ವಿದ್ಯಾರಂಭಕ್ಕೆ ಮೊದಲ ಉತ್ತರ ಕೊಟ್ಟವರು ದಿವಾನರು.

ಅದೇ ದಿನ, ಸಂಜೆ

ಅವನ ಹಕ್ಕಿ. ಅವನದ್ದೇ. ಒಂದು ತಿಂಗಳು ಬೇಲಿಯ ಆ ಕಡೆ ನಿಂತು ನನ್ನ ನೋಟಿಸ್ ಓದಿಸಿಕೊಂಡು ಕೇಳಿದ.

ಅಕ್ಟೋಬರ್ 7

ಪ್ಲಾಟಿಗೆ ಹೋಗಲಿಲ್ಲ. ಐದು ದಿನವಾಯಿತು.

ಪಾಲೀನ್‌ಗೆ ಇಮೇಲ್ ಬರೆದೆ. ಅಳಿಸಿದೆ. ಬರೆದೆ. ಡ್ರಾಫ್ಟಿನಲ್ಲಿದೆ. "ಕಳ್ಸಿ, ಇಲ್ಲ ಅಳ್ಸಿ. ಅದನ್ನೇ ನೋಡ್ತಾ ಕೂತ್ರೆ ಅವರೆ ಬೆಳೆಯುತ್ತಾ?" ಎಂದಳು ವಿಶಾಲಾಕ್ಷಿ. ಮಾತಾಡಿದಳು ಅಂತೂ.

ಸಿಟ್ಟಲ್ಲ ಇದು. ಸಿಟ್ಟಾಗಿದ್ದರೆ ಕಳಿಸಿಬಿಡುತ್ತಿದ್ದೆ. ನಾಲ್ಕು ವರ್ಷದ ಹಿಂದೆ ವಿಶಾಲಾಕ್ಷಿಗೆ ಆಪರೇಷನ್ ಆದಾಗ ಹದಿನೆಂಟು ದಿನ ಆಸ್ಪತ್ರೆಗೆ ಕಾರು ಓಡಿಸಿದವನು ಇವನೇ. ಆ ಮನುಷ್ಯ ಯಾವನು, ಈ ಮನುಷ್ಯ ಯಾವನು?

ಅಕ್ಟೋಬರ್ 8

ಜೂಲಿಯಾ ಬಂದಿದ್ದಳು. ಸನ್ನಾಸ್ ತಂದಿದ್ದಳು, ಅವರ ಕಡೆಯ ಇಡ್ಲಿ, ಬಿಸಿ. ಕೂತವಳು ಒಂದೇ ಉಸಿರಿಗೆ ಹೇಳಿದಳು.

"ಮಗಳು ವೆನಿಶಾಗೆ ಮದುವೆಯಾದ ಮೇಲೆ ಇದು ಮೊದಲ ಕ್ರಿಸ್‌ಮಸ್ ಅಲ್ವಾ. ಅವಳ ಅತ್ತೆ-ಮಾವ ಇಂಗ್ಲಿಷಿನವರು, ಊಟಕ್ಕೆ ಬರ್ತಾರೆ. ಶಿರ್ವದಲ್ಲಿ ಇವರ ಅಮ್ಮ ಹಬ್ಬಕ್ಕೆ ಟರ್ಕಿ ಸಾಕ್ತಾ ಇದ್ದದ್ದು. ನಾನೂ ಸಾಕಿಯೇ ಬಡಿಸ್ತೇನೆ ಅಂತ ಹಟ. ಮೇ ತಿಂಗಳಲ್ಲಿ ಎರಡು ಮರಿ ತಂದ್ರು, ಒಂದು ಗಂಡು, ಒಂದು ಹೆಣ್ಣು. ಶೆಡ್ಡಿನ ಹಿಂದೆ ಗುಟ್ಟಲ್ಲಿ ಇಟ್ಟದ್ದು. ಹೆಣ್ಣನ್ನು ಜುಲೈಯಲ್ಲೇ ನರಿ ಹಿಡೀತು ಅಂದ್ರು. ಬಿಷಪನನ್ನೂ ನರಿಯೇ ಅಂದ್ರು. ನಾನು ನಂಬಿದೆ."

"ನನ್ನ ಹತ್ರ ಒಂದ್ ಮಾತು ಹೇಳ್ಬಹುದಿತ್ತಲ್ಲ ಜೂಲಿಯಾ?"

"ಅವರಿಗೆ ಮುಂಚೆ ಒಂದು ವಾರ್ನಿಂಗ್ ಆಗಿ ಉಂಟು, ಬೆಂಕಿ ಹಾಕಿದ್ದಕ್ಕೆ. ಇನ್ನೊಂದಾದ್ರೆ ಪ್ಲಾಟ್ ಸೀದಾ ಹೋಯ್ತು. ನಿಮಗೆ ಫಸ್ಟ್ ಟೈಮ್, ಬರೀ ಬೈದು ಬಿಡ್ತಾರೆ ಅಂತ ಲೆಕ್ಕ ಹಾಕಿದ್ದು. ನೋಟಿಸ್ ಬಂದ ಮೇಲೆ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ರಾತ್ರಿ ನಿದ್ದೆ ಮಾಡುದಿಲ್ಲ. ಅಲ್ಲಿ ಅಗೆಯುದು ಬಿಟ್ರೆ ಅವರಿಗೆ ಬೇರೆ ಎಂತ ಉಂಟು ಹೇಳಿ?"

ಆ ವಾಕ್ಯ ನನ್ನದೂ ಹೌದಲ್ಲ. ಆರು ಸನ್ನಾಸ್ ತಿಂದೆ. ಕೋಪ ಇರುವವನು ತಿನ್ನಬೇಕಾದ್ದಕ್ಕಿಂತ ನಾಲ್ಕು ಹೆಚ್ಚು.

ಅಕ್ಟೋಬರ್ 10, ಶುಕ್ರವಾರ

ಹೌನ್ಸ್ಲೋ ಕಡೆಯ ಒಂದು ಸಿಟಿ ಫಾರ್ಮಿನವರಿಗೆ ಫೋನ್ ಮಾಡಿದೆ. ಮಕ್ಕಳಿಗೆ ತೋರಿಸಲು ಮೇಕೆ, ಕತ್ತೆ ಸಾಕುವವರು. ಟರ್ಕಿ ಬೇಕಂತೆ! ಕೊಲ್ಲುವುದಿಲ್ಲವಂತೆ. ಆದರೆ ಹಿಡಿದು ಕ್ರೇಟಿನಲ್ಲಿ ಕೊಡಬೇಕು, ಮತ್ತು ಫಾರಂ ಮೇಲೆ ಸಾಕಿದವರ ಹೆಸರು, ಸಹಿ. ಈ ದೇಶದಲ್ಲಿ ಒಂದೇ ಒಂದು ಕೋಳಿ ಇಟ್ಟುಕೊಂಡರೂ ಸರಕಾರಕ್ಕೆ ಹೆಸರು ಕೊಡಬೇಕು. ಅನಾಥ ಹಕ್ಕಿ ತೆಗೆದುಕೊಳ್ಳುವುದಿಲ್ಲ.

ಹೆಸರು. ಅವನದ್ದು ಬರೆದರೆ ಅವನ ಪ್ಲಾಟ್ ಹೋಯಿತು. ನನ್ನದು ಬರೆದರೆ, ಹಕ್ಕಿ ನನ್ನದೇ ಎಂದು ನಾನೇ ಒಪ್ಪಿದ ಹಾಗೆ. ಆಮೇಲೆ ಪಾಲೀನ್ ಏನು ಮಾಡುತ್ತಾಳೋ. ಹಕ್ಕಿ ಹೋದ ಮೇಲೆ ಬಿಟ್ಟರೂ ಬಿಟ್ಟಳು. ಬಿಡದಿದ್ದರೂ ಬಿಡಲಿಲ್ಲ.

ಇಮೇಲ್ ಅಳಿಸಿದೆ. ನಾಳೆ ಬಾ ಎಂದು ವ್ಯಾಲೆಂಟೈನ್‌ಗೆ ಮೆಸೇಜ್ ಹಾಕಿದೆ. ಎರಡು ನೀಲಿ ಟಿಕ್. ಉತ್ತರ ಇಲ್ಲ.

ಅಕ್ಟೋಬರ್ 11, ಶನಿವಾರ, ಬೆ. 8.40

ಎಲ್ಲ ಸಿದ್ಧ. ಕ್ರೇಟು ಸೇಬಿನ ಮರದ ಕೆಳಗೆ, ಒಳಗೆ ಜೋಳ. ಬಾಗಿಲಿಗೆ ಹಗ್ಗ, ಹಗ್ಗದ ತುದಿ ನನ್ನ ಕಾಲಿಗೆ. ಹಸಿರು ಶಾಲು. ಸ್ಲೇಟು — ಈ ಸಲ ಕದ್ದದ್ದಲ್ಲ. ವಿಶಾಲಾಕ್ಷಿಯೇ ತೆಗೆದುಕೊಟ್ಟಳು. "ಇವತ್ತು ಅದಕ್ಕೆ ನಿಜ ಹೇಳಿ" ಅಂದಳು. ಟರ್ಕಿಗೆ ನಿಜ ಹೇಳುವುದು ಹೇಗೆ ಎಂದು ಯಾವ ವಿಡಿಯೋದಲ್ಲೂ ಇಲ್ಲ.

ವ್ಯಾಲೆಂಟೈನ್ ಬಂದಿಲ್ಲ. ಅವನ ಶೆಡ್ಡಿಗೆ ಬೀಗ.

ಅದೇ ದಿನ, ಬೆ. 11.15, ಶೆಡ್ಡಿನಲ್ಲಿ

ಬೇಗ ಬರೆದುಬಿಡುತ್ತೇನೆ, ಮರೆಯುವ ಮುಂಚೆ.

ಹತ್ತಕ್ಕೆ ಪಾಲೀನ್ ಬಂದಳು. ಜೊತೆಗೆ ಫಾರ್ಮಿನ ಹುಡುಗಿ, ವ್ಯಾನು ಗೇಟಿನಲ್ಲಿ. ಸೊನ್ನೆ ಸುತ್ತಿದೆ. ಕ್ಯೋಂಕ್. ದಿವಾನರು ಇಳಿದು ಬಂದರು, ಅದೇ ದರ್ಬಾರಿ ನಡೆ. ಕ್ರೇಟನ್ನು ನೋಡಿದರು. ನನ್ನನ್ನು ನೋಡಿದರು. ಬಾಯಿ ಬಿಟ್ಟು ಹೇಳಿದೆ, ಕನ್ನಡದಲ್ಲಿ: "ಒಳ್ಳೆ ಜಾಗ ಸ್ವಾಮಿ, ಕತ್ತೆಗಳಿವೆ, ಮಕ್ಕಳು ಬರ್ತಾರೆ, ಯಾರೂ ಏನೂ ಮಾಡಲ್ಲ." ಪಾಲೀನ್ ಕೆಮ್ಮಿದಳು. ಅವರು ತಲೆ ಬಗ್ಗಿಸಿ ಒಳಗೆ ಹೋದರು. ಹಗ್ಗ ಎಳೆಯಲು ಕಾಲು ಏಳಲಿಲ್ಲ. ಆಮೇಲೆ ಎಳೆದೆ. ಅತ್ತೆ ಕೂಡ. ಅಳುವ ವಯಸ್ಸೇ ಇದು?

ಹುಡುಗಿ ಫಾರಂ ಕೊಟ್ಟಳು. ಸಾಕಿದವರ ಹೆಸರು. ಪಾಲೀನ್ ಕನ್ನಡಕ ಏರಿಸಿದಳು. ನಾನು ಪೆನ್ನು ತೆಗೆದು ನನ್ನ ಹೆಸರಲ್ಲಿ 'ಉದಯ' ಎನ್ನುವಷ್ಟು ಬರೆದಿದ್ದೆ, ಯಾರೋ ಹಿಂದಿನಿಂದ ಪೆನ್ನು ಕಿತ್ತುಕೊಂಡರು.

ಕೋಟು ಹಾಕಿದ್ದ. ಇಗರ್ಜಿಗೆ ಹೋಗುವ ಕೋಟು. ಗಡ್ಡ ತೆಗೆದಿದ್ದ.

"ನನ್ನ ಪಾಪಕ್ಕೆ ನಿನ್ನ ಸಹಿ ಯಾಕೆ ಮಾರಾಯ?"

ನನ್ನ ಹೆಸರು ಹೊಡೆದುಹಾಕಿ ತನ್ನದು ಬರೆದ, ದೊಡ್ಡ ಅಕ್ಷರದಲ್ಲಿ. ಯಾಕೆ ಸಾಕಿದ್ದು ಎನ್ನುವ ಕಡೆ ಮೂರು ಚೌಕ. ಮಾಂಸಕ್ಕೆ, ಮೊಟ್ಟೆಗೆ, ಇತರೆ. ಮಾಂಸದ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಇತರೆಗೆ ಹೋಯಿತು. ವೆನಿಶಾಳ ಅತ್ತೆ-ಮಾವನಿಗೆ ಈ ವರ್ಷ ಸೂಪರ್‌ಮಾರ್ಕೆಟಿನದ್ದೇ.

ಪಾಲೀನ್ ನನ್ನ ನೋಟಿಸ್ ಹರಿದಳು. ಅವನಿಗೆ ಹೇಳಬೇಕಾದ್ದನ್ನು ನೆಲ ನೋಡುತ್ತ ಹೇಳಿದಳು. ಎರಡನೇ ಸಲ. ಅವನ ಹದಿನೆಂಟನೇ ಪ್ಲಾಟ್ ತಿಂಗಳ ಕೊನೆಗೆ ಖಾಲಿ. ಅವನು ತಲೆಯಾಡಿಸಿದ. ಹೊರಡಲು ತಿರುಗಿದ. ಆ ಬೆನ್ನು ನೋಡಲಾಗಲಿಲ್ಲ.

ಒಂದು ಪ್ಲಾಟಿಗೆ ಸಹಾಯಕನ ಹೆಸರು ಸೇರಿಸಬಹುದು, ನಿಯಮ ಒಂಬತ್ತು. ಅದನ್ನೂ ಓದಿದ್ದೆನಲ್ಲ. ಕೇಳಿದೆ. ಪಾಲೀನ್ ಬ್ಯಾಗಿನಿಂದ ಆ ಫಾರಂ ತೆಗೆದಳು. ಆಗಲೇ ಮಡಿಸಿ ಮೇಲೇ ಇಟ್ಟುಕೊಂಡಿದ್ದಳು ಮುದುಕಿ.

"ಎಂತಕ್ಕೆ ಮಾರಾಯ?" ಅಂದ ವ್ಯಾಲೆಂಟೈನ್.

"ನಿನ್ನ ಗುದ್ದಲಿ ನನ್ನದಕ್ಕಿಂತ ಚೆನ್ನಾಗಿದೆ, ಅದಕ್ಕೆ."

ಅರ್ಧ ಅವನಿಗೆ. ಅವರೆ ಇರುವ ಅರ್ಧ ಮಾತ್ರ ಕೊಡುವುದಿಲ್ಲ, ಬಡ್ಡಿಮಗನಿಗೆ. ಉಳಿದ ಮೂರು ಗೊಂಚಲಿನಲ್ಲಿ ಒಂದು ಕಾಯಿ ಕಟ್ಟಿದೆ. ಇವತ್ತು ನೋಡಿದೆ. ಕಿರುಬೆರಳಿನಷ್ಟು.

ವ್ಯಾನು ಹೋಯಿತು. ವ್ಯಾಲೆಂಟೈನ್ ಕೋಟು ಬಿಚ್ಚಿ ಗೊಬ್ಬರದ ಗುಂಡಿಯ ಹತ್ತಿರ ಅಗೆಯುತ್ತಿದ್ದಾನೆ. ಮಾತಿಲ್ಲ, ಆದರೆ ಶಿಳ್ಳೆ ಹಾಕುತ್ತಿದ್ದಾನೆ. ಪಾಲೀನ್ ಗೇಟಿನಲ್ಲಿ ಬೋರ್ಡು ಒರೆಸುತ್ತಿದ್ದಾಳೆ. ಸ್ಲೇಟನ್ನು ಕೃತಿಗೆ ವಾಪಸ್ ಕೊಡಬೇಕು. ಕೊನೆಯದಾಗಿ, ಸುಮ್ಮನೆ, ಒಂದು ಸೊನ್ನೆ ಸುತ್ತಿದೆ. ಕ್ಯೋಂಕ್.

ಗುಂಡಿಯ ಹಿಂದಿನ ಮುಳ್ಳುಪೊದೆಯಿಂದ ಏನೋ ಕೇಳಿತು. ಗುಳುಗುಳು ಅಲ್ಲ. ಥೇಟ್ ಸ್ಲೇಟಿನ ದನಿ. ಮತ್ತೆ ಸುತ್ತಿದೆ. ಮತ್ತೆ ಉತ್ತರ. ಕ್ಯೋಂಕ್, ಕ್ಯೋಂಕ್.

ವ್ಯಾಲೆಂಟೈನ್ ಗುದ್ದಲಿ ಕೆಳಗಿಟ್ಟ. ಹಾಗಾದರೆ ಜುಲೈಯಲ್ಲಿ ನರಿ ಆ ಹೆಣ್ಣನ್ನೂ ಹಿಡಿದಿರಲಿಲ್ಲವೇ? ಪಾಲೀನ್ ಸೀಟಿ ಬಾಯಿಗಿಟ್ಟುಕೊಂಡು ಈ ಕಡೆ ಬರುತ್ತಿದ್ದಾಳೆ. ನಿಯಮದ ಪುಸ್ತಕ ಎಲ್ಲಿಟ್ಟೆ? ಹೆಣ್ಣಾದರೆ ಸಾಕಬಹುದು ಎಂದು ಅವಳೇ ಓದಿ ಹೇಳಿ—